ಒಂದೇ ಉಸಿರಿನ ಒಡಪು

ಬೆಳಗಿನ ಐದೂವರೆ. ಶಿರಗುಪ್ಪಿಯ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಭಾದ್ರಪದದ ಜಿಟಿಜಿಟಿ ಮಳೆ ನಾಲ್ಕು ದಿನದಿಂದ ಬಿಟ್ಟಿಲ್ಲ. ಗುಲಾಬಿ ಸೀರೆಯ ಸೆರಗನ್ನು ಮೂಗು, ಬಾಯಿಗೆ ಸುತ್ತಿಕೊಂಡ ಹೆಂಗಸೊಬ್ಬರು ಒಂದು ಮನೆಯ ಕಿಟಕಿಯ ಕೆಳಗೆ ನಿಂತಿದ್ದಾರೆ. ಬಾಗಿಲು ಬಡಿಯುವುದಿಲ್ಲ, ಕೂಗುವುದೂ ಇಲ್ಲ. ಸುಮ್ಮನೆ ಕಿವಿಗೊಟ್ಟು ನಿಂತಿದ್ದಾರೆ. ಊರಿಗೆ ಹೊಸಬರು ಯಾರಾದರೂ ನೋಡಿದರೆ ಕನ್ನ ಹಾಕಲು ಬಂದವರು ಎಂದೇ ತಿಳಿದುಕೊಳ್ಳಬೇಕು.

ಒಳಗೆ ಯಾರೋ ಕೆಮ್ಮುತ್ತಾರೆ. ಹೊರಗೆ ನಿಂತವರು ಬೆರಳು ಮಡಚಿ ಎಣಿಸುತ್ತಾರೆ. ಕೆಮ್ಮು ನಿಂತ ಮೇಲೆ ಸೀಟಿಯಂಥ ಸಣ್ಣ ಸದ್ದು ಕೇಳುತ್ತದೋ ಎಂದು ಕಾಯುತ್ತಾರೆ. ಕೇಳಿಸುವುದಿಲ್ಲ. ‘ಇದು ಬರೇ ನೆಗಡಿ’ ಎಂದು ತಮಗೆ ತಾವೇ ಹೇಳಿಕೊಂಡು ಮುಂದಿನ ಮನೆಗೆ ನಡೆಯುತ್ತಾರೆ.

ಇವರು ಶೇವಂತಾ, ವಯಸ್ಸು ನಲವತ್ತೊಂದು, ಬುದ್ಧವಿಹಾರದ ಓಣಿಯವರು. 2008ರಿಂದ ಆಶಾ ಕಾರ್ಯಕರ್ತೆ. ಬಸುರಿ, ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು ಅವರಿಗೆ ವಹಿಸಿದ ಕೆಲಸ. ದಮ್ಮಿನವರನ್ನು ನೋಡಿಕೊಳ್ಳಿ ಎಂದು ಯಾರೂ ಹೇಳಿಲ್ಲ, ಅದಕ್ಕೊಂದು ರಿಜಿಸ್ಟರೂ ಇಲ್ಲ. ಆದರೂ ರೊಟ್ಟಿ ಬಡಿಯುವ ಮೊದಲು, ದಿನಾ ಎರಡು ತಾಸು, ಮೂರು ಓಣಿ ಸುತ್ತಿ ಹತ್ತೊಂಬತ್ತು ಮಂದಿ ದಮ್ಮಿನವರ ಉಸಿರು ಕೇಳಿ ಬರುತ್ತಾರೆ. ಮಳೆಗಾಲದಲ್ಲಿ ಸಾಲೆಯ ಮಕ್ಕಳು ಹೊತ್ತು ತರುವ ನೆಗಡಿ, ಕಬ್ಬಿನ ಹಂಗಾಮಿನಲ್ಲಿ ರವದಿ, ಅಂದರೆ ಕಬ್ಬಿನ ಒಣ ಗರಿ, ಸುಡುವ ಹೊಗೆ, ಚಳಿಗಾಲದಲ್ಲಿ ಮತ್ತೆ ನೆಗಡಿ. ವರ್ಷದಲ್ಲಿ ನಿಶ್ಚಿಂತೆಯ ತಿಂಗಳು ಯಾವುದೆಂದು ಕೇಳಿದರೆ ತಿಂಗಳುಗಳನ್ನು ಬೆರಳಲ್ಲಿ ಎಣಿಸಿ ನೋಡುತ್ತಾರೆ. ‘ವೈಶಾಖ ಒಂದೀಟು ಚಲೋ ಇರತೈತ್ರಿ’ ಎನ್ನುತ್ತಾರೆ.

ಅವರಿಗಿರುವುದು ಅಂಜಿಕೆ, ಅದನ್ನು ಅವರು ಮುಚ್ಚಿಡುವುದಿಲ್ಲ. ‘ಮಂದಿಗೆ ನೆಗಡಿ ಅಂದ್ರ ಮೂರು ದಿನದ್ದು. ನನಗ ಯಾರಾರ ಸೀನಿದ್ರ ಎದಿ ಧಸಕ್ ಅಂತೈತ್ರಿ. ನಮ್ಮವ್ವ ಸೀತವ್ವ ಹೋಗಿದ್ದು ನೆಗಡಿಯಿಂದನ. ನೆಗಡಿ ಐತಿ, ಕಷಾಯ ಕುಡದ್ರ ಹೋಗತೈತಿ ಅಂತ ಮಕ್ಕೊಂಡ್ಲು. ಎದಿಯೊಳಗ ದಮ್ಮು ಕುಂತಿತ್ತು, ನಮಗ ಗೊತ್ತಾಗಲಿಲ್ಲ.’

ಉಸಿರು ಅಳೆಯುವ ಆಸ್ಪತ್ರೆಯ ಯಂತ್ರ ಅವರ ಬಳಿ ಇಲ್ಲ. ಇರುವುದು ಒಂದು ಉಪಾಯ. ಈ ಸೀಮೆಯ ಹೆಂಗಸರು ಗಂಡನ ಹೆಸರನ್ನು ಬರಿದೆ ಹೇಳುವುದಿಲ್ಲ. ಎರಡು ಸಾಲಿನ ಒಡಪು ಕಟ್ಟಿ ಅದರ ಕೊನೆಗೆ ಹೆಸರು ಇಡುತ್ತಾರೆ. ಶೇವಂತಾ ಬಾಗಿಲಲ್ಲಿ ನಿಂತು ‘ಒಡಪ ಹಾಕ್ರಿ ನೋಡೂನು’ ಎನ್ನುತ್ತಾರೆ. ಒಡಪು ಒಂದೇ ಉಸಿರಿಗೆ ಮುಗಿದರೆ ಆ ದಿನಕ್ಕೆ ಚಿಂತೆಯಿಲ್ಲ. ನಡುವೆ ಉಸಿರು ಎಳೆದುಕೊಂಡರೆ ಉಸಿರು ಬಿಗಿದಾಗ ಬಾಯಿಗೆ ಒತ್ತಿಕೊಳ್ಳುವ ನೀಲಿ ಪಂಪು, ಅಂದರೆ ಇನ್‌ಹೇಲರ್, ಕೈಗೆ ಬರಬೇಕು, ಸಂಜೆ ಮತ್ತೊಮ್ಮೆ ಕೇಳಬೇಕು. ಮಾತು ತುಂಡು ತುಂಡಾಗಿ, ಗಂಡನ ಹೆಸರಿನವರೆಗೆ ತಲುಪದೇ ಹೋದರೆ ಪಂಪು ಒತ್ತುತ್ತಲೇ ಗಾಡಿ ಹುಡುಕಬೇಕು. ಗಂಡಸರಿಗೆ ಹೆಂಡತಿಯ ಹೆಸರಿನ ಒಡಪು. ‘ಮದಿವ್ಯಾಗೂ ಇಷ್ಟು ಸಲ ಹೆಸರು ಹೇಳಿದ್ದಿಲ್ಲ’ ಎಂದು ಮುದುಕರು ನಾಚಿ ನಗುತ್ತಾರೆ. ಒಡಪು ಬಾರದ ಮಕ್ಕಳು ಮಗ್ಗಿ ಹೇಳಬೇಕು.

ಇಷ್ಟೆಲ್ಲ ಹುಷಾರಿದ್ದವರ ಕೈಯಲ್ಲೇ ಒಂದು ಜೀವ ಹೋಗುವುದರಲ್ಲಿತ್ತು. ಅದು 2014ರ ಮಾತು.

ಬಸದಿಯ ಓಣಿಯ ತವನಪ್ಪ ಕಬ್ಬಿನ ರೈತರು. ಅವರ ಹೆಂಡತಿ ಸೋನಾಬಾಯಿಗೆ ಹದಿನೈದು ವರ್ಷದ ದಮ್ಮು. ಕಂದು ಪಂಪು ಎರಡು ಹೊತ್ತು ತಪ್ಪದೆ ತೆಗೆದುಕೊಂಡರೆ ಎದೆ ಶಾಂತವಾಗಿರುತ್ತದೆ. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲವಾದರೆ ಬಾಯಲ್ಲಿ ಹುಣ್ಣಾಗುತ್ತದೆ. ಶೇವಂತಾ ಇದನ್ನು ಕಟ್ಟುನಿಟ್ಟಾಗಿ ಕಲಿಸಿದ್ದರು. ಮುಕ್ಕಳಿಸದಿದ್ದರೆ ಪಂಪು ಮುಟ್ಟಬೇಡಿ ಎಂದಿದ್ದರು.

ಆಗ ಬಂದದ್ದು ಜೈನರ ಭಾದ್ರಪದದ ದಶಲಕ್ಷಣ ಪರ್ವ. ಸೋನಾಬಾಯಿ ಹತ್ತು ದಿನವೂ ಹಗಲು ಒಂದೇ ಹೊತ್ತು ಊಟ ಮಾಡುವ ವ್ರತ ಹಿಡಿದರು. ನೀರೂ ಆ ಊಟದ ಜೊತೆಗಷ್ಟೇ. ಉಳಿದ ಹೊತ್ತು ಒಂದು ಹನಿ ಬಾಯಿಗೆ ತಾಗುವಂತಿಲ್ಲ. ಪಂಪಿನ ಎರಡು ಹೊತ್ತೂ, ಬೆಳಿಗ್ಗೆ ಮತ್ತು ರಾತ್ರಿ, ಆ ಊಟದ ಆಚೆಗೇ ಬರುತ್ತಿದ್ದವು. ನೀರಿಲ್ಲದೆ ಮುಕ್ಕಳಿಸುವುದು ಹೇಗೆ? ಮುಕ್ಕಳಿಸದೆ ಪಂಪು ಮುಟ್ಟುವಂತಿಲ್ಲ. ಅವರು ಎರಡನ್ನೂ ನಿಷ್ಠೆಯಿಂದ ಪಾಲಿಸಿ, ಪಂಪನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟರು. ಯಾರನ್ನೂ ಕೇಳಲಿಲ್ಲ. ನಾಲ್ಕನೆಯ ದಿನ ಮೊಮ್ಮಗಳು ಪೂನಮಳ ನೆಗಡಿ ಅಜ್ಜಿಗೆ ಹತ್ತಿತು.

ಶೇವಂತಾ ದಿನಾ ಬೆಳಿಗ್ಗೆ ಆ ಮನೆಯ ಮುಂದೆ ನಿಲ್ಲುತ್ತಿದ್ದರು. ಆದರೆ ವ್ರತದ ದಿನಗಳಲ್ಲಿ ಹೊಸ್ತಿಲು ದಾಟುತ್ತಿರಲಿಲ್ಲ. ಒಳಗೆ ಬರಬೇಡ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ವ್ರತಸ್ಥರಿಂದ ಗಂಡನ ಹೆಸರಿನ ಒಡಪು ಹೇಳಿಸುವುದು ಚಂದವಲ್ಲ ಎಂದುಕೊಂಡು ‘ಆರಾಮ ಅದೀರಿ ಅಕ್ಕಾರ?’ ಎಂದಷ್ಟೇ ಕೇಳುತ್ತಿದ್ದರು. ಪಡಸಾಲೆಯ ನಸುಗತ್ತಲಲ್ಲಿ ಕೂತ ಸೋನಾಬಾಯಿ ತಲೆಯಾಡಿಸುತ್ತಿದ್ದರು.

‘ತಲಿ ಅಳ್ಳಾಡಿಸಾಕ ಉಸಿರು ಬೇಕಾಗಿಲ್ಲರಿ’ ಎನ್ನುತ್ತಾರೆ ಶೇವಂತಾ. ‘ನಾಕು ದಿನ ಅವರು ತಲಿ ಅಳ್ಳಾಡಿಸಿದ್ರು. ನಾ ನಂಬಿ ಬಂದೆ.’

ಎಂಟನೆಯ ದಿನ ಮುಂಜಾನೆ ತವನಪ್ಪನವರೇ ಓಡಿ ಬಂದರು. ‘ಶೇವಂತಾ, ಲಗೂನ ಬಾರವಾ, ಹೆಂಗರ ಮಾಡಾಕತ್ತಾಳ’ ಎಂದರು. ಶೇವಂತಾ ಅಂದು ಹೊಸ್ತಿಲು ನೋಡಲಿಲ್ಲ, ಕೆಸರುಗಾಲಲ್ಲೇ ಒಳಗೆ ನುಗ್ಗಿದರು. ಸೋನಾಬಾಯಿ ಎರಡೂ ಕೈ ನೆಲಕ್ಕೆ ಊರಿ ಮುಂದಕ್ಕೆ ಬಾಗಿ ಕೂತಿದ್ದರು. ಕತ್ತಿನ ಕುಳಿ ಒಳಗೆ ಹೋಗಿ ಹೋಗಿ ಬರುತ್ತಿತ್ತು, ತುಟಿ ನೀಲಿಗಟ್ಟಿತ್ತು. ಎದೆಗೆ ಕಿವಿ ಇಟ್ಟರೆ ಸೀಟಿಯ ಸದ್ದೂ ಇಲ್ಲ. ಸದ್ದು ನಿಂತ ಎದೆ ಎಲ್ಲಕ್ಕಿಂತ ಕೆಟ್ಟದ್ದು ಎಂದು ಅವರಿಗೆ ಗೊತ್ತಿತ್ತು. ಮದ್ದು ಚೆಲ್ಲದೆ ಎದೆಗಿಳಿಯಲೆಂದು ತಳಕ್ಕೆ ತೂತು ಕೊರೆದಿಟ್ಟಿದ್ದ ಖಾಲಿ ನೀರಿನ ಬಾಟ್ಲಿಗೆ ನೀಲಿ ಪಂಪು ಸಿಕ್ಕಿಸಿ ಬಾಯಿಗಿಟ್ಟರು. ಸೋನಾಬಾಯಿ ಮುಖ ತಿರುಗಿಸಿದರು. ವ್ರತ!

‘ಅಕ್ಕಾರ, ಇದು ನೀರಲ್ಲ, ಅನ್ನ ಅಲ್ಲ, ಗಾಳಿ. ಪಾಪ ಬಂದ್ರ ನನಗ ಬರಲಿ’ ಎಂದು ಶೇವಂತಾ ಅತ್ತೇ ಬಿಟ್ಟರಂತೆ. ಸೋನಾಬಾಯಿ ಬಾಯಿ ತೆರೆದರು.

ಜೀಪು ಮಿರಜದ ದಾರಿ ಹಿಡಿಯಿತು. ನಡುವೆ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ಮುಗಿಯದಂತೆ ಸಾಗುತ್ತಲೇ ಇತ್ತು. ಆ ಒಂಬತ್ತು ನಿಮಿಷ ಶೇವಂತಾ ಪಂಪು ಒತ್ತುತ್ತಾ, ಡಬ್ಬಿಗಳನ್ನು ಎಣಿಸುತ್ತಾ ಕೂತಿದ್ದರು. ಶೇವಂತಾರಿಗೂ ದಮ್ಮಿದೆ. ಅಂಜಿಕೆಗೆ ಅವರ ಎದೆಯೂ ಬಿಗಿಯುತ್ತಿತ್ತು. ಸೋನಾಬಾಯಿ ಆರು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು.

‘ತಪ್ಪು ಅವರದಲ್ಲರಿ, ನಂದು’ ಎನ್ನುತ್ತಾರೆ ಶೇವಂತಾ. ‘ಮುಕ್ಕಳಿಸ್ರಿ ಅಂದೆ. ನೀರು ಕುಡಿಲಾರದ ದಿನ ಏನು ಮಾಡಬೇಕು ಅಂತ ಹೇಳಲಿಲ್ಲ. ಅವರ ಮನಿ ರೀತಿ ನನಗ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ.’ ಹುಣ್ಣಾದರೆ ಮದ್ದಿದೆ, ಮುಕ್ಕಳಿಸಲು ಆಗದಿದ್ದರೂ ಪಂಪು ಮಾತ್ರ ಬಿಡಬಾರದು ಎಂದು ಡಾಕ್ಟರು ತಿಳಿಸಿದ್ದನ್ನು ಈಗ ಹತ್ತೊಂಬತ್ತು ಮನೆಯಲ್ಲೂ ಹೇಳಿದ್ದಾರೆ. ರೋಜಾ, ಏಕಾದಶಿ, ಪರ್ವ, ಯಾರ ಮನೆಯಲ್ಲಿ ಯಾವಾಗ ಯಾವ ಉಪವಾಸ ಎಂಬುದು ಅವರ ಬಾಯಿಪಾಠ.

ಈ ಸಲ, 2016ರಲ್ಲಿ, ಅದೇ ಭಾದ್ರಪದ ಮರಳಿ ಬಂದಿದೆ. ನಿನ್ನೆ ಓಣಿ ಓಣಿಗೂ ಗಣಪತಿ ಕೂತ, ಪಟಾಕಿಯ ಹೊಗೆ ಇನ್ನೂ ಆರಿಲ್ಲ. ಇಂದು ಪರ್ವದ ಮೊದಲ ದಿನ. ಸೋನಾಬಾಯಿಗೆ ಮೂರು ದಿನದಿಂದ ನೆಗಡಿ. ‘ರಾತ್ರಿಯೆಲ್ಲಾ ನಿದ್ದಿ ಹತ್ತಲಿಲ್ಲರಿ’ ಎನ್ನುತ್ತಾ ಶೇವಂತಾ ಬಸದಿಯ ಓಣಿಗೆ ತಿರುಗುತ್ತಾರೆ. ಹೆಜ್ಜೆ ಬಿರುಸಾಗುತ್ತದೆ, ಮನೆ ಹತ್ತಿರವಾದಂತೆ ಮತ್ತೆ ನಿಧಾನವಾಗುತ್ತದೆ.

ಬಾಗಿಲು ತೆರೆದೇ ಇದೆ. ಕಟ್ಟೆಯ ಮೇಲೆ ಕೂತ ತವನಪ್ಪ, ‘ಒಳಗ ಹೋಗವಾ. ಈ ವರ್ಷ ಎರಡು ಹೊತ್ತು ಉಣ್ಣತಾಳ, ಎರಡು ಹೊತ್ತು ಪಂಪ್ ತಗೋತಾಳ. ಪುಣ್ಯ ಒಂದೀಟು ಕಡಿಮಿ ಆದ್ರ ಆಗವಲ್ದ್ಯಾಕ, ಮನಷ್ಯಾಳು ಇರಬೇಕಲ್ಲ’ ಎನ್ನುತ್ತಾರೆ. ಶೇವಂತಾ ಕಾಲು ತೊಳೆದು ಒಳಗೆ ಹೋಗುತ್ತಾರೆ. ಸೋನಾಬಾಯಿ ಬಿಳಿ ಸೀರೆಯುಟ್ಟು ಕೂತಿದ್ದಾರೆ. ಮೂಗು ಕೆಂಪಗಾಗಿದೆ.

‘ಆರಾಮ ಅದೀರಿ ಅಕ್ಕಾರ?’

ಸೋನಾಬಾಯಿ ತಲೆಯಾಡಿಸುತ್ತಾರೆ.

‘ತಲಿ ಬ್ಯಾಡ್ರಿ. ಒಡಪ ಹಾಕ್ರಿ.’

ಸೋನಾಬಾಯಿ ಹೊರಗಿನ ಕಟ್ಟೆಯ ಕಡೆ ಒಮ್ಮೆ ನೋಡಿ, ಉಸಿರು ಎಳೆದುಕೊಳ್ಳುತ್ತಾರೆ. ‘ಹೋಳಗಿ ಮ್ಯಾಲ ಸುರವ್ಯಾರ ಆಕಳ ತುಪ್ಪ...’ ಅಲ್ಲಿಗೆ ಕೆಮ್ಮು ಬರುತ್ತದೆ. ಶೇವಂತಾರ ಕೈ ಚೀಲದೊಳಗಿನ ಬಾಟ್ಲಿಗೆ ಹೋಗುತ್ತದೆ. ಕಟ್ಟೆಯ ಮೇಲಿನ ತವನಪ್ಪ ಎದ್ದು ನಿಲ್ಲುತ್ತಾರೆ. ಕೆಮ್ಮು ನಿಲ್ಲುತ್ತದೆ. ಸೋನಾಬಾಯಿ ಕೈಯೆತ್ತಿ ತಡೆದು, ಮೊದಲಿನಿಂದ ಶುರು ಮಾಡುತ್ತಾರೆ. ‘ಹೋಳಗಿ ಮ್ಯಾಲ ಸುರವ್ಯಾರ ಆಕಳ ತುಪ್ಪ, ಏಳೇಳು ಜನ್ಮಕ್ಕೂ ಇರಲಿ ನನಗ ತವನಪ್ಪ.’ ಒಂದೇ ಉಸಿರು.

ಶೇವಂತಾ ಗೋಡೆಗೆ ಒರಗುತ್ತಾರೆ. ಇನ್ನೂ ಒಂಬತ್ತು ಬೆಳಗು ಕಳೆಯಬೇಕು, ಅದು ಅವರಿಗೆ ಗೊತ್ತು.

ಓಣಿಯ ತಿರುವಿನಲ್ಲಿ, ಬೆಳಗಿನಿಂದ ಅವರ ಹಿಂದೆಯೇ ನಡೆದಿದ್ದ ನಾನು ಕೇಳಬೇಕಾಯಿತು: ನಿಮ್ಮ ಉಸಿರು ನೋಡುವವರು ಯಾರು? ಗಂಡ ತೀರಿ ಹನ್ನೆರಡು ವರ್ಷವಾಯಿತು, ಒಡಪು ಹೇಳಲು ಹೆಸರಿಲ್ಲ. ‘ನಂದೂ ನಾನ ನೋಡ್ಕೋತೀನ್ರಿ’ ಎಂದವರೇ ನಿಂತು, ಬೆರಳು ಮಡಚುತ್ತಾ ಹೆಸರುಗಳನ್ನು ಹೇಳತೊಡಗುತ್ತಾರೆ. ಸೀತವ್ವ, ಸೋನಾಬಾಯಿ, ಮಲಕಾರಿ, ಜನಾಬಾಯಿ... ಮೊದಲು ಅವ್ವ, ಆಮೇಲೆ ಹತ್ತೊಂಬತ್ತು ಮಂದಿ. ಇಪ್ಪತ್ತನೆಯ ಹೆಸರಿಗೆ ಮುಖ ಕೆಂಪಾಗುತ್ತದೆ, ಆದರೆ ಉಸಿರು ತುಂಡಾಗುವುದಿಲ್ಲ.

‘ಇಷ್ಟ ಕೇಳ್ಕೊಳ್ಳೋದ್ರಿ ನಾನು’ ಎನ್ನುತ್ತಾರೆ, ಸೆರಗನ್ನು ಮತ್ತೆ ಮೂಗಿಗೆ ಸುತ್ತಿಕೊಳ್ಳುತ್ತಾ. ‘ಹ್ವಾದವರೊಳಗ ಅವ್ವನ ಹೆಸರೊಂದ ಸಾಕು, ಅದರ ಜೋಡಿ ಮತ್ತೊಂದು ಹೆಸರು ಸೇರಬಾರದು.’