ಕೊರೊನರ್ ಮುಂದೆ ನಮ್ಮತ್ತೆ

2021ರ ಮಾತು. ಆಗ ನಾವು ಮಲೇಷ್ಯಾದ ಪುಚೊಂಗ್‌ನಲ್ಲಿ ಒಂದು ಕಾಂಡೊದ ಒಂಬತ್ತನೇ ಮಹಡಿಯಲ್ಲಿದ್ದೆವು. ನಾನು, ನಮ್ಮೆಜಮಾನರು, ಎಂಬತ್ತು ದಾಟಿದ ನಮ್ಮತ್ತೆ. ನಮ್ಮ ವಂಶದಲ್ಲಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ನನಗೆ ಆ ಯೋಗ ಬಂತು, ಅದೂ ಮೆಟ್ಟಿಲು ಹತ್ತದೆ, ಊಟದ ಮೇಜಿನ ಮುಂದೆ ಕೂತು.

ಅದರ ಹಿಂದಿನ ವರ್ಷ ಲಾಕ್‌ಡೌನ್‌ನಲ್ಲಿ ಪಕ್ಕದ ಮನೆಯ ತಮಿಳು ಅಂಕಲ್ ಬಾತ್‌ರೂಮಿನಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡಿದ್ದರು. ರಿಟೈರ್ ಆದ ಮೇಷ್ಟ್ರು. ನಾವು ಆ ಕಾಂಡೊಗೆ ಬಂದು ಆಗಿನ್ನೂ ಎರಡೇ ತಿಂಗಳು, ಲಿಫ್ಟಿನ ಹತ್ತಿರ ಸಿಕ್ಕಾಗ ನಕ್ಕು ತಲೆ ಆಡಿಸುವಷ್ಟೇ ಪರಿಚಯ. ಅವರನ್ನು ನೋಡಿಕೊಳ್ಳಲು ಇದ್ದವಳು ಇಂಡೊನೇಷ್ಯಾದ ಯಾಂತಿ ಒಬ್ಬಳೇ. ಪೊಲೀಸರು ಬಂದು ಕೇಳಿದಾಗ ನಾನು, "ಆ ಮನೇಲಿ ದಿನಾ ಜಗಳ ಸಾರ್. ಅವಳು ಕೂಗಾಡ್ತಾಳೆ. ಇವತ್ತು ಬೆಳಿಗ್ಗೇನೂ ಕೂಗಾಡಿದ್ಲು" ಅಂದುಬಿಟ್ಟೆ. ವಾರಗಟ್ಟಲೆ ಮಾತಾಡಲು ಹೊರಗಿನ ಜನ ಸಿಗದೆ ನಾಲಿಗೆ ತುರಿಸುತ್ತಿತ್ತು.

ಅಂಕಲ್ ತಾವೇ ಬಿದ್ದರೋ, ಯಾರಾದರೂ ತಳ್ಳಿದರೋ ಪೋಸ್ಟ್‌ಮಾರ್ಟಂನಲ್ಲಿ ಖಚಿತವಾಗಲಿಲ್ಲ. ಹೀಗೆ ಅನುಮಾನದ ಸಾವಾದರೆ ಅಲ್ಲಿ ಕೊರೊನರ್ ಅಂತ ಒಬ್ಬರು ಜಡ್ಜ್ ವಿಚಾರಣೆ ನಡೆಸುತ್ತಾರೆ. ಅದು ಮುಗಿಯುವವರೆಗೆ ಯಾಂತಿಯ ಪಾಸ್‌ಪೋರ್ಟ್ ಪೊಲೀಸರ ಹತ್ತಿರ. ಊರಿನಲ್ಲಿ ಅವಳಿಗೆ ಚಿಕ್ಕ ಮಗಳಿದ್ದಾಳೆ, ನೋಡದೆ ಮೂರು ವರ್ಷವಾಗಿದೆ ಅಂತ ಸೆಕ್ಯೂರಿಟಿಯವನು ಹೇಳಿದಾಗ ಪೊಲೀಸರಿಗೆ ಹಾಗೆ ಹೇಳಬಾರದಿತ್ತೇನೋ ಅನ್ನಿಸಿತು. ಆದರೂ ನಾನು ಕೇಳಿಸಿಕೊಂಡದ್ದು ಸುಳ್ಳಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆ.

ನನ್ನ ಸಾಕ್ಷಿಯ ವಾರವೇ ನಮ್ಮೆಜಮಾನರಿಗೆ ಕೋವಿಡ್ ಪಾಸಿಟಿವ್ ಬಂತು. ಅವರು ಒಂದು ಕೋಣೆಯಲ್ಲಿ ಬಂದಿ, ನಾವಿಬ್ಬರು ಮನೆಯಲ್ಲಿ ಬಂದಿ. ಹಾಗಾಗಿ ನಾನು ವಿಡಿಯೊದಲ್ಲೇ ಸಾಕ್ಷಿ ಹೇಳಲು ಕೋರ್ಟಿನವರು ಒಪ್ಪಿದರು. ಕೋರ್ಟು ಅಂದರೆ ಕೋರ್ಟೇ ಅಂತ ಮೈಸೂರು ಸಿಲ್ಕ್ ಉಟ್ಟು, ಅತ್ತೆಯನ್ನು ಅವರ ಕೋಣೆಯಲ್ಲಿ ಕೂರಿಸಿ, ಲ್ಯಾಪ್‌ಟಾಪ್ ಮುಂದೆ ಕೂತೆ.

ಕೊರೊನರ್ ಕನ್ನಡಕದ ಹೆಂಗಸು. ಮೆತ್ತಗೆ ಇಂಗ್ಲಿಷಿನಲ್ಲಿ ಹೇಳಿದರು, "ಹೆದರ್ಕೋಬೇಡಿ. ಅವರು ಹೇಗೆ ತೀರಿಕೊಂಡ್ರು ಅಂತ ತಿಳ್ಕೊಳ್ಳೋದಷ್ಟೇ ನನ್ನ ಕೆಲಸ. ಜಗಳ ಅಂದಿದೀರಿ. ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ ಮೇಡಂ. ಗೋಡೆ ಆಚೆಯಿಂದ ಕೇಳಿಸ್ತು."

"ಅವಳು ಏನಂತಿದ್ಲು?"

"ಮಲಯ್ ನನಗೆ ಅಷ್ಟು ಬರಲ್ಲ."

"ಅವರು ತಿರುಗಿ ಏನಂದ್ರು?"

ಯೋಚನೆ ಮಾಡಿದೆ. ಅಂಕಲ್ ದನಿ ಒಂದು ದಿನವೂ ಕೇಳಿಸಿದ ನೆನಪಾಗಲಿಲ್ಲ. ಸಿಲ್ಕ್ ಸೀರೆಯೊಳಗೆ ಬೆವರು ಶುರುವಾಯಿತು.

ಅಷ್ಟರಲ್ಲಿ ನಮ್ಮತ್ತೆ ಬಾಗಿಲು ತೆಗೆದು ನನ್ನ ಹಿಂದೆಯೇ ಬಂದು ನಿಂತರು. "ಯಾರ ಹತ್ರಾನೇ ಮಾತು? ಕಾಫಿ ಆಯ್ತಾ?"

"ಅತ್ತೆ, ಆಮೇಲೆ ಕೊಡ್ತೀನಿ. ಒಳಗೆ ಹೋಗಿ."

"ಏನು?"

"ಒಳಗೆ ಹೋಗಿ ಅಂದೆ!" ಮೂರು ಸಲ ಗಂಟಲು ಹರಿಯುವ ಹಾಗೆ ಕಿರುಚಿದೆ. ಅತ್ತೆ ಬಗ್ಗಿ ಸ್ಕ್ರೀನ್ ನೋಡಿ, ಕೊರೊನರ್‌ಗೆ ಕೈಮುಗಿದು ಹೋದರು.

"ಯಾಕೆ ಅವರ ಜೊತೆ ಜಗಳ ಆಡ್ತಿದೀರಿ?" ಅಂದರು ಕೊರೊನರ್.

"ಜಗಳ ಅಲ್ಲ ಮೇಡಂ, ಅವರಿಗೆ ಕಿವಿ ಕೇಳಿಸಲ್ಲ. ಕೂಗಿ ಹೇಳದಿದ್ರೆ..." ಅನ್ನುವಾಗಲೇ ಗೋಡೆಯಾಚೆಯ ಯಾಂತಿಯ ಕೂಗು ನೆನಪಾಯಿತು.

ಕೊರೊನರ್ ಪೆನ್ನು ಕೆಳಗಿಟ್ಟು, ಕೋರ್ಟಿನಲ್ಲೇ ಕೂತಿದ್ದ ಅಂಕಲ್ ಮಗನ ಕಡೆ ತಿರುಗಿ, ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿತ್ತಾ ಅಂತ ಕೇಳಿದರು. ಅಪ್ಪನಿಗೆ ಕಿವಿ ಮೆಷಿನ್ ಇತ್ತು, ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿ ಬ್ಯಾಟರಿ ಸಿಕ್ಕಿರಲಿಲ್ಲ, ಬ್ಯಾಟರಿ ಬೇಕು ಅಂತ ಯಾಂತಿ ಎರಡು ಸಲ ಫೋನ್ ಮಾಡಿದ್ದಳು ಅಂತ ಆತ ಹೇಳಿದ. ಅದುವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಈಗ ಹೇಳಿ. ನಿಮಗೆ ಕೇಳಿಸಿದ್ದೇನು?"

"ಜೋರು ದನಿ ಮೇಡಂ. ಜಗಳ ಅನ್ನೋದು ನಾನೇ ಸೇರಿಸಿದ್ದು." ನಾಚಿಕೆಯಿಂದ ಕುಗ್ಗಿಹೋದೆ. ಎದೆ ಮಾತ್ರ ಹಗುರಾಯಿತು.

ಕೆಲವು ವಾರಗಳ ನಂತರ ತೀರ್ಮಾನ ಬಂತು. ಒದ್ದೆ ನೆಲದಲ್ಲಿ ಜಾರಿ ಸಿಂಕಿನ ಅಂಚಿಗೆ ತಲೆ ಬಡಿದು ಆದ ಸಾವು, ಇದರಲ್ಲಿ ಯಾರ ಕೈವಾಡವೂ ಇಲ್ಲ. ಯಾಂತಿಗೆ ಪಾಸ್‌ಪೋರ್ಟ್ ಸಿಕ್ಕಿತು. ಬೇರೆ ಕಡೆ ಹಾಸ್ಟೆಲಿನಲ್ಲಿದ್ದವಳು ಅಂಕಲ್ ಮನೆಯಲ್ಲಿ ಉಳಿದಿದ್ದ ತನ್ನ ಬಟ್ಟೆಬರೆ ಒಯ್ಯಲು ಬಂದಾಗ ಲಿಫ್ಟಿನ ಮುಂದೆ ಸಿಕ್ಕಳು. ಬರುವಷ್ಟು ಮಲಯ್, ಇಂಗ್ಲಿಷ್ ಎಲ್ಲ ಸೇರಿಸಿ, ತಪ್ಪಾಯಿತು ಅಂತ ಕೈ ಹಿಡಿದುಕೊಂಡೆ.

ಅವಳು ಮಾಸ್ಕ್ ಒಳಗೇ ನಕ್ಕಳು. "ಬಿಡಿ ಅಕ್ಕ. ಪಕ್ಕದ ಮನೆಯವರು ಹೇಗೆ ಅಂತ ಪೊಲೀಸರು ನನ್ನನ್ನೂ ಕೇಳಿದ್ರು. ಆ ಮನೆ ಸೊಸೆ ಪಾಪದ ಅಜ್ಜಿಗೆ ದಿನಾ ಬೈತಾಳೆ ಅಂತ ನಾನೂ ಹೇಳಿದ್ದೆ."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆದರೆ ಅವಳ ಮಾತಿನಿಂದ ನನಗೆ ಕೂದಲೂ ಕೊಂಕಿರಲಿಲ್ಲ, ನನ್ನ ಮಾತಿನಿಂದ ಅವಳು ಮಗಳ ಮುಖ ನೋಡುವುದು ಒಂದು ವರ್ಷ ತಡವಾಗಿತ್ತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಹಾಗೆ ನಗುತ್ತಿದ್ದೆನಾ? ಇವತ್ತಿಗೂ ಹೌದು ಅನ್ನಲು ಧೈರ್ಯ ಬರುವುದಿಲ್ಲ.