ಸೈಕಲ್ ಹ್ಯಾಂಡಲ್ ಹಿಡಿದು ಕಾನೂನು ಕೇಳಿದವರು

ಮುನಿಶಾಮಪ್ಪ ಮೇಷ್ಟ್ರಿಗೆ ಯಾರೊಡನೆಯಾದರೂ ಮಾತಾಡಬೇಕೆನಿಸಿದರೆ ಮೊದಲು ಅವರ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಳ್ಳುತ್ತಿದ್ದರು. ಉಡದ ಪಟ್ಟು ಅದು. ಮಾತು ಮುಗಿಯುವವರೆಗೆ ಬಿಡುತ್ತಿರಲಿಲ್ಲ, ಮಾತಂತೂ ಮುಗಿಯುತ್ತಲೇ ಇರಲಿಲ್ಲ. ಯಲಹಂಕದ ಆಚೆಯ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಅವರು ಡ್ರಿಲ್ ಮೇಷ್ಟ್ರು, ನಾನು ಲೆಕ್ಕದ ಮೇಷ್ಟ್ರು. ಸಂಜೆ ಐದಕ್ಕೆ ನಾನು ಯಲಹಂಕದ ಮನೆಗೆ ಹೊರಟರೆ, ಶಾಲೆಯಿಂದ ಎರಡು ಫರ್ಲಾಂಗು ದೂರದ ಮೋರಿಯ ಕಟ್ಟೆಯ ಮೇಲೆ ಕಾದು ಕೂತಿರುತ್ತಿದ್ದರು. ಗಂಟೆ ಹೊಡೆಯುವಾಗ ಶಾಲೆಯ ಅಂಗಳದಲ್ಲೇ ಇದ್ದ ಮನುಷ್ಯ, ಕಾಲ್ನಡಿಗೆಯಲ್ಲಿ ನನ್ನ ಸೈಕಲ್ಲಿಗಿಂತ ಮುಂಚೆ ಅಲ್ಲಿಗೆ ಹೇಗೆ ತಲುಪುತ್ತಿದ್ದರೋ ದೇವರೇ ಬಲ್ಲ.

"ಮೇಷ್ಟ್ರೇ, ಒಂದು ಅರ್ಜಿ ಬರೀಬೇಕಲ್ಲ" ಎನ್ನುತ್ತಿದ್ದರು.

"ಹೋದ ತಿಂಗಳು ತಾನೇ ಬರೆದ್ವಲ್ಲ, ಮುನಿಶಾಮಪ್ಪನೋರೇ."

"ಅದು ಓದ ತಿಂಗಳ್ದು. ಇದು ಈ ತಿಂಗಳ್ದು."

ಅವರು ಯಲಹಂಕದ ಹತ್ತಿರದ ಕೋಗಿಲಿನ ರೈತರ ಮನೆಯವರು. ಅಣ್ಣಂದಿರು ದ್ರಾಕ್ಷಿ ತೋಟ ಮಾಡಿಕೊಂಡು ಚೆನ್ನಾಗಿದ್ದರು. ಇವರೊಬ್ಬರು ಒಂದು ವರ್ಷ ಅಂಗಸಾಧನೆಯ ತರಬೇತಿಗೆ ಹೋಗಿಬಂದು, ಕಾಕಿ ಚಡ್ಡಿ ತೊಟ್ಟು, ತಲೆಯಲ್ಲಿ ಒಂದೇ ಒಂದು ಹುಳ ಬಿಟ್ಟುಕೊಂಡಿದ್ದರು. ಕಾನೂನು. ಪ್ರತಿ ಶಾಲೆಗೂ ಒಂದು ಆಟದ ಬಯಲಿರಬೇಕು, ವರ್ಷಕ್ಕೊಮ್ಮೆ ಡಾಕ್ಟರು ಬಂದು ಮಕ್ಕಳನ್ನು ನೋಡಬೇಕು, ಡ್ರಿಲ್ ಪೀರಿಯಡ್ಡನ್ನು ಯಾರೂ ಮುಟ್ಟಕೂಡದು ಎಂದು ವಿಧಾನಸೌಧದಲ್ಲಿ ಕೂತವರು ಕಾನೂನು ಮಾಡಬೇಕು. ಅದಕ್ಕೆಲ್ಲ ಒಂದು ಸುತ್ತೋಲೆ ಸಾಕಲ್ಲವೇ ಎಂದು ನಾನು ಕೇಳಿದರೆ ತಲೆಯಾಡಿಸುತ್ತಿದ್ದರು.

"ಸುತ್ತೋಲೆ ಬೀರು ಸೇರ್ತದೆ. ಕಾನೂನಾದ್ರೆ ನಿಮ್ಮಂಥೋರು ಎದರ್ತೀರ."

ನಿಮ್ಮಂಥವರು ಎಂದರೆ ನಾನೇ. ಎಂಟನೆಯ ತರಗತಿಗೆ ಮಾರ್ಚಿಯಲ್ಲಿ ಪಬ್ಲಿಕ್ ಪರೀಕ್ಷೆ. ನವೆಂಬರ್ ಬಂತೆಂದರೆ ನಾನು ಅವರ ಪೀರಿಯಡ್ಡುಗಳಿಗೆ ಕೈ ಹಾಕುತ್ತಿದ್ದೆ. ಹೆಡ್‌ಮಾಸ್ಟರ ಆಶೀರ್ವಾದವೂ ಇತ್ತು. ಬೇವಿನ ಮರದ ಕೆಳಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದ ಮುನಿಶಾಮಪ್ಪನವರ ಮುಂದಿನಿಂದ, ಬಡ್ಡಿ ಲೆಕ್ಕ ಬಾಕಿ ಇದೆ ಎಂದು ಇಡೀ ತರಗತಿಯನ್ನು ಒಳಗೆ ಕರೆದುಕೊಂಡು ಹೋಗುತ್ತಿದ್ದೆ. ಅವರು ಜಗಳವಾಡುತ್ತಿರಲಿಲ್ಲ. ಸಂಜೆ ಮೋರಿಯ ಹತ್ತಿರ ನನ್ನ ಸೈಕಲ್ ನಿಲ್ಲಿಸಿ, ಡ್ರಿಲ್ ಪೀರಿಯಡ್ ಕಿತ್ತುಕೊಳ್ಳುವವರ ಮೇಲೆ ನನ್ನ ಕೈಯಲ್ಲೇ ಅರ್ಜಿ ಬರೆಸುತ್ತಿದ್ದರು. ಕದ್ದವನ ಕೈಯಲ್ಲೇ ದೂರು ಬರೆಸುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೇಳಿದರೆ, "ನಿಮ್ಮ ಅಕ್ಸರ ದುಂಡಗೈತೆ, ಅದುಕ್ಕೆ" ಎನ್ನುತ್ತಿದ್ದರು.

ಬರೆದರೆ ಸಾಲದು, ಗಟ್ಟಿಯಾಗಿ ಓದಬೇಕು. ಕಣ್ಣು ಮುಚ್ಚಿಕೊಂಡು ಕೇಳಿ, "ಇನ್ನೊಂದು ಸಲ ಓದಿ ಮೇಷ್ಟ್ರೇ" ಎನ್ನುತ್ತಿದ್ದರು. ಎರಡನೆಯ ಸಲ ಓದಿದ ಮೇಲೆ ಒಂದು ಮಾತು ಬದಲಾಗಬೇಕಿತ್ತು. ಬದಲಾಯಿಸಿದ ಮೇಲೆ ಮೊದಲಿನದೇ ಚೆನ್ನಾಗಿತ್ತು ಅನ್ನಿಸುತ್ತಿತ್ತು. ಅತ್ತ ಮನೆಯಲ್ಲಿ ನನ್ನ ಹೆಂಡತಿ ಕಾಫಿಗಿಟ್ಟ ಹಾಲು ಉಕ್ಕಿ, ಆರಿ, ಕೆನೆ ಕಟ್ಟಿರುತ್ತಿತ್ತು. ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಒಂದು ಸಲ ಶಾಸಕರೊಬ್ಬರನ್ನು ಕಾಣಲು ನನ್ನನ್ನೂ ಹೊರಡಿಸಿದರು. ವಿಧಾನಸೌಧ ಆಗ ಇನ್ನೂ ಹೊಸದು. ಯಲಹಂಕದಲ್ಲಿ ಬಸ್ಸು ಹತ್ತಿದೆವು. ಹೆಬ್ಬಾಳ ಬರುತ್ತಿದ್ದಂತೆ ಈ ಮಹಾನುಭಾವರು ನನ್ನ ರಟ್ಟೆ ಹಿಡಿದು ಇಳಿಸಿಬಿಟ್ಟರು.

"ಅಂಗಸಾಧನೆ ಕಾನೂನು ಕೇಳಕ್ಕೋಗೋರು ಬಸ್ಸಲ್ಲಿ ಬಂದಿಳಿದ್ರೆ ಎಂಗೆ ಮೇಷ್ಟ್ರೇ. ನಡೀರಿ."

ಅಲ್ಲಿಂದ ನಡಿಗೆ. ಅರಮನೆಯ ಕಾಂಪೌಂಡಿನ ಹತ್ತಿರ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಚಪ್ಪಲಿ ಕೈಯಲ್ಲಿ ಹಿಡಿದು, ಬೆವರಿಳಿಸುತ್ತ, ಮನಸ್ಸಿನಲ್ಲೇ ಅವರ ವಂಶವನ್ನೆಲ್ಲ ಬೈಯುತ್ತ ನಾನು ವಿಧಾನಸೌಧದ ಮೆಟ್ಟಿಲು ಹತ್ತಿದೆ.

ಶಾಸಕರು ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು. "ಅಲ್ಲ ಮೇಷ್ಟ್ರೇ, ನಮ್ಮ ಹಳ್ಳಿ ಮಕ್ಕಳಿಗೆ ಅಂಗಸಾಧನೆ ಬೇರೆ ಯಾಕೆ? ದನ ಮೇಯಿಸ್ತಾರೆ, ನೀರು ಸೇದ್ತಾರೆ, ಮೂರು ಮೈಲಿ ನಡ್ಕೊಂಡು ಸ್ಕೂಲಿಗೆ ಬರ್ತಾರೆ. ಇನ್ನೇನ್ ಆಗ್ಬೇಕು?"

ನಿಜ ಹೇಳಬೇಕೆಂದರೆ ನನಗೂ ಇದೇ ಅನ್ನಿಸಿತ್ತು. ಹೇಳುವ ಧೈರ್ಯ ಬಂದಿರಲಿಲ್ಲ ಅಷ್ಟೆ.

ಮುನಿಶಾಮಪ್ಪನವರು ಎದ್ದು ನಿಂತರು. "ಸ್ವಾಮಿ, ದನದಿಂದೆ ಓಡೋದು ದನಕ್ಕೋಸ್ಕರ. ನೀರು ಸೇದೋದು ಮನೆಗೋಸ್ಕರ. ಆ ಮಗ ತನಗೋಸ್ಕರ ಯಾವಾಗ ಓಡ್ಬೇಕು? ಎಣ್ಮಕ್ಕಳಂತೂ ಅತ್ತು ವರ್ಸ ಆದ್ಮೇಲೆ ಓಡಿದ್ದೇ ಇಲ್ಲ. ನಿಮ್ಮನೇಲಿ ಕೇಳಿ ನೋಡಿ."

ಶಾಸಕರು ಮೇಜಿನ ಮೇಲಿನ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ವಿಚಾರಿಸುವುದಾಗಿ ಹೇಳಿದರು. ವಾಪಸು ಬಸ್ಸಿನಲ್ಲಿ ಬರಲು ಮುನಿಶಾಮಪ್ಪನವರು ಒಪ್ಪಿದರು, ಕೆಲಸ ಆಯಿತಲ್ಲ ಎಂದು.

ಅವರ ಹಠಕ್ಕೆ ಕಾರಣ ಇಲ್ಲದೆ ಇರಲಿಲ್ಲ. ನನ್ನ ತರಗತಿಯಲ್ಲಿ ಗಂಗಮ್ಮ ಅಂತ ಒಬ್ಬ ಹುಡುಗಿ. ಬೋರ್ಡಿನ ಮೇಲೆ ಮೂವತ್ತೆಂಟು ಬರೆದರೆ ಸ್ಲೇಟಿನಲ್ಲಿ ಮೂವತ್ತಮೂರು ಇಳಿಸುವಳು. ಇಡೀ ಒಂದು ವರ್ಷ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ, ಕೈಗೂ ಎರಡೆರಡು ಬಿಟ್ಟಿದ್ದೆ. ನಾನು ಹೇಗೋ ಕೈ ಹಾಕದೆ ಬಿಟ್ಟ ಒಂದು ಡ್ರಿಲ್ ಪೀರಿಯಡ್ಡಿನಲ್ಲಿ ಮುನಿಶಾಮಪ್ಪನವರು ಅವಳ ಕಡೆ ಚೆಂಡು ಎಸೆದರು. ಚೆಂಡು ಎದೆಗೆ ಬಡಿದ ಮೇಲೆ ಅವಳು ಕೈ ಚಾಚಿದಳು. ಇನ್ನೊಮ್ಮೆ ಎಸೆದರು. ಮತ್ತೆ ಹಾಗೇ. ಮಾರನೆಯ ದಿನ ಅವಳಪ್ಪನನ್ನು ಒಂದು ದಿನದ ಕೆಲಸ ಬಿಡಿಸಿ, ಇಬ್ಬರನ್ನೂ ಪೇಟೆಯ ಕಣ್ಣಿನ ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋದರು. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಬಂದ ಹುಡುಗಿ ಆ ವಾರ ಒಂದು ಲೆಕ್ಕವನ್ನೂ ತಪ್ಪು ಮಾಡಲಿಲ್ಲ.

ಮೋರಿಯ ಹತ್ತಿರ ನನಗೆ ಹೇಳಿದ್ದು ಇಷ್ಟೇ. "ಚೆಂಡು ಇಡಿಯಕ್ಕಾಗ್ದಿದ್ರೆ ಕಣ್ಣು ನೋಡ್ಬೇಕು ಮೇಷ್ಟ್ರೇ. ಕೈಗೆ ಒಡೀಬಾರ್ದು."

ನಾಚಿಕೆಯಿಂದ ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮುಂದಿನ ವಾರ ಮತ್ತೆ ಅವರ ಪೀರಿಯಡ್ ತೆಗೆದುಕೊಂಡೆ. ನಾಯಿ ಬಾಲ ಡೊಂಕು ಎಂದು ಸುಮ್ಮನೆ ಹೇಳುವುದಿಲ್ಲ.

ಶಾಸಕರು ನಿಜವಾಗಿಯೂ ವಿಚಾರಿಸಿರಬೇಕು. ಕೆಲವು ತಿಂಗಳಾದ ಮೇಲೆ ಶಾಲೆಗೊಂದು ನಮೂನೆ ಬಂತು. ವಾರಕ್ಕೆ ಅಂಗಸಾಧನೆಯ ಪೀರಿಯಡ್ಡುಗಳು ಎಷ್ಟು ನಡೆಯುತ್ತಿವೆ, ತುಂಬಿ ಕಳಿಸಿ ಎಂದು. ಹೆಡ್‌ಮಾಸ್ಟರು ನನ್ನನ್ನು ಕರೆದರು. "ನೀವೇ ಬರೀರಿ ಮೇಷ್ಟ್ರೇ, ನಿಮ್ಮ ಅಕ್ಷರ ದುಂಡಗಿದೆ."

ಟೈಂಟೇಬಲ್ಲಿನಲ್ಲಿ ಮೂರು ಇತ್ತು. ನಡೆಯುತ್ತಿದ್ದುದು ಒಂದು, ಅದೂ ಅಪರೂಪಕ್ಕೆ. ಒಂದು ಎಂದು ಬರೆದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಹೆಡ್‌ಮಾಸ್ಟರು ನನ್ನ ಕಡೆ ಕೈ ತೋರಿಸುತ್ತಾರೆ. ನನಗೆ ಪ್ರಮೋಷನ್ ಬರುವ ಕಾಲ ಬೇರೆ. ಮೂರು ಎಂದು ಬರೆದೆ. ಉಳಿದ ಶಾಲೆಗಳಲ್ಲೂ ನನ್ನಂಥ ಲೆಕ್ಕದ ಮೇಷ್ಟ್ರುಗಳಿಗೆ ಬರವೇನೂ ಇರಲಿಲ್ಲ.

ಮುನಿಶಾಮಪ್ಪನವರ ಅರ್ಜಿಗೆ ಉತ್ತರ ಬಂತು. ಶಾಲೆಗಳ ವರದಿಯ ಪ್ರಕಾರ ಅಂಗಸಾಧನೆ ಕ್ರಮವಾಗಿ ನಡೆಯುತ್ತಿರುವುದರಿಂದ ಪ್ರತ್ಯೇಕ ಕಾನೂನಿನ ಅಗತ್ಯ ಕಾಣುವುದಿಲ್ಲ ಎಂದಿತ್ತು. ಯಾವ ಪುಣ್ಯಾತ್ಮನೋ ನಮ್ಮ ಶಾಲೆಯ ವರದಿಯನ್ನೇ ಅದಕ್ಕೆ ಲಗತ್ತಿಸಿ ಕಳಿಸಿದ್ದ.

ಆ ಸಂಜೆ ಮೋರಿಯ ಹತ್ತಿರ ಅವರು ಹ್ಯಾಂಡಲ್ ಹಿಡಿದು, ಕಾಗದವನ್ನು ನನ್ನ ಮುಖದ ಮುಂದೆ ಬಿಡಿಸಿದರು.

"ಅರ್ಜೀನೂ ನಿಮ್ಮ ಅಕ್ಸರ, ಇದೂ ನಿಮ್ಮ ಅಕ್ಸರ. ಎರಡೂ ದುಂಡಗೈತೆ."

ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಈ ಮನುಷ್ಯ ಬೈಯುವುದನ್ನೂ ಕಲಿತಿರಲಿಲ್ಲ.

"ಓಗ್ಲಿ ಬಿಡಿ. ಇನ್ನೊಂದು ಅರ್ಜಿ ಬರೆಯಾನ. ಈ ಸಲ ಒಂದು ಸಾಲು ಜಾಸ್ತಿ ಸೇರ್ಸಿ. ಪೀರಿಯಡ್ ಕಿತ್ಕೊಂಡೋನು ನಾನೇ ಅಂತ ಬರ್ದು ನಿಮ್ಮ ರುಜು ಆಕಿ. ಕಿತ್ಕೊಂಡೋರೇ ಒಪ್ಕೊಂಡ್ರೆ ಆಗ ನಂಬ್ತಾರೆ."

"ನೋಡೋಣ ಮುನಿಶಾಮಪ್ಪನೋರೇ" ಅಂದೆ.

ಮಾರನೆಯ ದಿನದಿಂದ ಕೆರೆ ಏರಿಯ ಮೇಲೆ ಮನೆಗೆ ಹೋಗತೊಡಗಿದೆ. ಒಂದು ಮೈಲಿ ಸುತ್ತು. ಅವರು ಎಷ್ಟು ದಿನ ಮೋರಿಯ ಮೇಲೆ ಕಾದು ಕೂತರೋ ನಾನು ವಿಚಾರಿಸಲಿಲ್ಲ. ಶಾಲೆಯೊಳಗೆ ಅವರು ಆ ಮಾತೆತ್ತಲಿಲ್ಲ, ಎದುರಿಗೆ ಸಿಕ್ಕಾಗ ನಾನೂ ಅವಸರದಲ್ಲಿರುತ್ತಿದ್ದೆ.

ಅವರು ನಿವೃತ್ತರಾದ ದಿನ, ಹಾರ ತುರಾಯಿ ಮುಗಿದ ಮೇಲೆ, ಶಾಲೆಯ ಗೇಟಿನಲ್ಲೇ ನನ್ನನ್ನು ಹಿಡಿದರು. ಕೊರಳಿನ ಚೆಂಡುಹೂವಿನ ಹಾರ ಹಾಗೇ ಇತ್ತು. ಕೈ ಹ್ಯಾಂಡಲ್ಲಿನ ಮೇಲಿತ್ತು. ನಾನು ಏನು ನೆಪ ಹೇಳಲೆಂದು ಯೋಚಿಸುತ್ತಿದ್ದೆ. ಅವರು ಬಗ್ಗಿ ಮುಂದಿನ ಚಕ್ರ ಒತ್ತಿ ನೋಡಿ, "ಗಾಳಿ ಕಮ್ಮಿ ಐತೆ ಮೇಷ್ಟ್ರೇ, ಒಡಿಸ್ಕೊಳ್ಳಿ" ಎಂದು ತಾವಾಗಿಯೇ ಕೈ ಬಿಟ್ಟರು. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಅದೇ ಕೊನೆ ಕೂಡ. ಎರಡು ವರ್ಷಕ್ಕೆ ಕೋಗಿಲಿನಿಂದ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮುಂದೆ ನಾನು ಬೇರೊಂದು ಶಾಲೆಯ ಹೆಡ್‌ಮಾಸ್ಟರಾದೆ. ಒಂದು ನವೆಂಬರಿನಲ್ಲಿ ಅಲ್ಲಿಯ ಲೆಕ್ಕದ ಮೇಷ್ಟ್ರು, ಚುರುಕಿನ ಹುಡುಗ, ಬಂದು ನಿಂತರು. "ಸಾರ್, ಪೋರ್ಷನ್ ಬಾಕಿ ಇದೆ, ಡ್ರಿಲ್ ಪೀರಿಯಡ್ ತಗೋತೀನಿ."

"ಆಗಲ್ಲ" ಅಂದೆ.

"ಯಾಕೆ ಸಾರ್? ಎಲ್ಲಾ ಕಡೆ ತಗೋತಾರೆ. ತಗೋಬಾರ್ದು ಅಂತ ಕಾನೂನೇನಾದ್ರೂ ಇದೆಯಾ?"

ಮರ್ಯಾದೆಯಿಂದಲೇ ಕೇಳಿದರು. ನನ್ನ ಬಳಿ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ನಾನಿರುವ ತನಕ ಆಗಲ್ಲ ಎಂದು ಗದರಿ ಕಳಿಸಿದೆ. ನನಗೆ ವರ್ಗವಾದ ಮಾರನೆಯ ದಿನವೇ ತೆಗೆದುಕೊಳ್ಳುತ್ತಾರೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವತ್ತು ಶಾಲೆ ಬಿಟ್ಟ ಮೇಲೆ ಕೂತು ಅರ್ಜಿ ಬರೆದೆ. ಬಯಲು, ಡಾಕ್ಟರು, ಪೀರಿಯಡ್ಡು, ಎಲ್ಲವೂ ಬಾಯಿಪಾಠವಾಗಿತ್ತು. ಕೊನೆಯಲ್ಲಿ ಅವರು ಕೇಳಿದ್ದ ಸಾಲನ್ನು ಸೇರಿಸಿದೆ. ಮುನಿಶಾಮಪ್ಪನವರ ಪೀರಿಯಡ್ಡುಗಳನ್ನು ಕಿತ್ತುಕೊಂಡವನೂ ನಾನೇ, ಅವು ನಡೆದವು ಎಂದು ಸುಳ್ಳು ಬರೆದವನೂ ನಾನೇ. ಕೆಳಗೆ ರುಜು ಹಾಕಿದೆ. ಖಾಲಿ ಕೋಣೆಯಲ್ಲಿ ಗಟ್ಟಿಯಾಗಿ ಒಂದು ಸಲ ಓದಿದೆ. ಓದಿ ಮುಗಿಸಿ ಕಾದು ಕೂತೆ, ಇನ್ನೊಂದು ಸಲ ಓದಿ ಮೇಷ್ಟ್ರೇ ಎನ್ನುವವರು ಇರಲಿಲ್ಲ.