ಮೀಸೆಯ ಕುಂಚ

ಹೊನ್ನಾವರದ ಲಾಂಚಿನ ಧಕ್ಕೆಯಲ್ಲಿ ಟಿಕೆಟು ಹರಿಯುವ ಮಾಸ್ತಪ್ಪನ ಮೀಸೆ ನೋಡಿದರೆ ಸಾಕು, ಮನೆಯಲ್ಲಿ ಯಾವ ವೇಷ ತಯಾರಾಗುತ್ತಿದೆಯೆಂದು ಊರಿಗೇ ಗೊತ್ತಾಗುತ್ತದೆ. ಹೆಬ್ಬೆರಳುದ್ದದ ಮರದ ಗೊಂಬೆಗಳಿಗೆ ಯಕ್ಷಗಾನದ ಬಣ್ಣ ಬರೆಯುವುದು ಅವನ ಹುಚ್ಚು. ಕುಂಚಕ್ಕೆ ಬೇರೆ ಕೂದಲು ಒಗ್ಗುವುದಿಲ್ಲ, ಸ್ವಂತ ಮೀಸೆಯದೇ ಆಗಬೇಕು. ರಾಜನಾದರೆ ಎಡಗಡೆ ತೆಳುವಾಗುತ್ತದೆ, ರಾಕ್ಷಸನಾದರೆ ಎರಡೂ ಕಡೆ ಬೋಳು. “ಎಂತಾ ಮಾರಾಯ್ರೆ, ಇನ್ನೊಂದು ರಾಕ್ಷಸ ಹುಟ್ಟಿದ್ರೆ ನೀವೇ ಸ್ತ್ರೀವೇಷ ಕಟ್ಟಬೇಕಾತದೆ!” ಎಂದು ಹೆಂಡತಿ ನಾಗು ಛೇಡಿಸುತ್ತಾಳೆ. ಮೇಳದಲ್ಲಿ ಭಾಗವತನಾಗಿ ಪದ ಹಾಡುತ್ತಿದ್ದ ಅವನ ಗಂಟಲು ಒಂದು ಜ್ವರದಲ್ಲಿ ಒಡೆದುಹೋದ ಮೇಲೆ, ಅವನು ಗೋಡೆಗೆ ಮುಖಮಾಡಿ ಮಲಗುತ್ತಿದ್ದದ್ದನ್ನು ಕಂಡವಳು ಅವಳೊಬ್ಬಳೇ. ಅದಕ್ಕೇ ಗೊಂಬೆಗೆ ಕಣ್ಣು ಬರೆಯುವ ಹೊತ್ತಿಗೆ ಅವಳು ಒಲೆಯನ್ನೂ ಊದುವುದಿಲ್ಲ. ಅವನು ಉಸಿರು ಬಿಗಿಹಿಡಿದು, ಕಣ್ಣಿನ ಚುಕ್ಕೆಯಿಟ್ಟು ಕುಂಚ ಎತ್ತಿದೊಡನೆ, ಬಿಟ್ಟ ಉಸಿರಿನ ಜೊತೆಗೇ ಆ ವೇಷದ ಪದ ಒಡಕು ಗಂಟಲಿನಿಂದ ತಾನಾಗಿಯೇ ಹೊರಡುತ್ತದೆ. ಮೊದಮೊದಲು ಅರ್ಧ ಸಾಲಿಗೇ ನಿಲ್ಲುತ್ತಿತ್ತು; ಇಂದು ಪಲ್ಲವಿ ದಾಟಿ ಚರಣಕ್ಕೆ ಬಂತು. ನಾಗು ಕೊಡಪಾನದ ಮೇಲೆ ಮೆಲ್ಲಗೆ ತಾಳ ಹಾಕುತ್ತ ಕೊನೆಯವರೆಗೂ ಕೇಳಿ, “ಇನ್ನೊಂದು ಗೊಂಬೆ ತಕಣಿ,” ಎಂದಳು, “ಮೀಸೆ ಮತ್ತೆ ಬೆಳಿತದೆ.”